ಮೂರು ನುಡಿಗೆ ಒಂದು ಲೀಟರ್

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನೀರು ಶುದ್ಧೀಕರಣ ಘಟಕದ ಹಿಂಬದಿಯ ಕೊಠಡಿಯ ಬೀಗಕ್ಕೆ ಸರ್ಕಾರಿ ಗುಮಾಸ್ತ ಅರಗಿನ ಸೀಲು ಒತ್ತಿದ. ಅವನ ಜೊತೆ ಬಂದಿದ್ದ ಇಬ್ಬರು ಸಿಪಾಯಿಗಳಲ್ಲಿ ಒಬ್ಬ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಇನ್ನೊಬ್ಬ ನೆರಳು ಹುಡುಕಿಕೊಂಡು ಹೋದ.

ಪ್ರಯೋಗಾಲಯದ ಹನಿಯಮ್ಮ ಸಮಯವನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಗಡಿಯಾರ ನೋಡಿ ಬರೆಯುವುದು ಅವಳಿಗೆ ಮತ್ತೆ ಹೊಸದಾಗಿತ್ತು. ಮೂರೂವರೆ ವರ್ಷ ಊರಿನಲ್ಲಿ ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ. ಹೋದ ವಾರ ಹೊಸ ಸರ್ಕಾರದವರು ಉಗ್ರಾಣದ ಗೋಣಿಚೀಲಗಳನ್ನು ಚೌಕದಲ್ಲಿ ಸುರಿದು, ಅವರವರದು ಅವರವರು ಹುಡುಕಿಕೊಳ್ಳಿ ಅಂದರು. ಅವಳದು ಸಿಗಲಿಲ್ಲ. ಯಾರೋ ಗಂಡಸಿನ ದಪ್ಪ ಗಡಿಯಾರವೊಂದನ್ನು ಎತ್ತಿಕೊಂಡು ಬಂದಿದ್ದಳು. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಅಷ್ಟನ್ನು ಕೂಡಿಸಿಕೊಂಡು ಬರೆಯುತ್ತಿದ್ದಳು.

ಹನಿಯಮ್ಮ ಎನ್ನುವುದು ಅಡ್ಡಹೆಸರು. ಇಪ್ಪತ್ತಾರು ವರ್ಷದಿಂದ ಊರಿನ ನೀರನ್ನು ಗಾಜಿನ ಕೊಳವೆಗೆ ತುಂಬಿ, ಹನಿ ಎಣಿಸಿ ಔಷಧಿ ಬಿಟ್ಟು, ಬಣ್ಣ ನೋಡುವವಳಿಗೆ ಪಂಪ್‌ಹೌಸಿನವರು ಬೇರೆ ಏನಂತ ಕರೆದಾರು?

"ಕ್ರಮಸಂಖ್ಯೆ ನಲವತ್ತೊಂದು," ಗುಮಾಸ್ತ ಪಟ್ಟಿ ನೋಡಿ ಓದಿದ. "ಜಲಸ್ನಾನ. ದಿನಕ್ಕೆ ನಾಲ್ಕು ಬಾರಿ. ನುಡಿ ಹೇಳಿ ಮಾಡುವಂಥದ್ದು. ನಿಷೇಧಿಸಲಾಗಿದೆ. ಇಲ್ಲಿ ಸಹಿ ಹಾಕಿ."

"ಅಪ್ಪಾ, ಒಳಗಿರೋದು ಬ್ಲೀಚಿಂಗ್ ಪೌಡರು. ನೀರಿಗೆ ಹಾಕೋದು."

"ನೀವೇ ಬರೆದುಕೊಟ್ಟಿದ್ದೀರಲ್ಲ ಮೇಡಂ," ಎಂದು ಅವನು ಕಾಗದ ತಿರುಗಿಸಿ ತೋರಿಸಿದ.

ಅವಳದೇ ಅಕ್ಷರ. ಒಂದೊಂದೂ ಮುತ್ತು ಪೋಣಿಸಿದ ಹಾಗಿತ್ತು.

ಒಂಬತ್ತು ದಿನದ ಹಿಂದೆ ಎಲ್ಲ ಕಚೇರಿಗಳಿಗೂ ಒಂದು ನಮೂನೆ ಬಂದಿತ್ತು. ಇಪ್ಪತ್ಮೂರು ಅಂಕಣ. ಹದಿನೇಳನೆಯದು: "ಅಪ್ಪಟ ರಾಜ್ಯದ ಕಾಲದಲ್ಲಿ ಈ ಸ್ಥಳದಲ್ಲಿ ನಡೆಯುತ್ತಿದ್ದ ವಿಧಿಗಳು." ವಿದ್ಯುತ್ ಕಚೇರಿಯವರು ಇಲ್ಲ ಎಂದು ಬರೆದರು. ಆಸ್ಪತ್ರೆಯವರು ಗೀಟು ಎಳೆದರು. ಅಂಚೆಯವರು ನಮೂನೆಯೇ ತಲುಪಿಲ್ಲ ಅಂದರು. ಹನಿಯಮ್ಮ ಮಾತ್ರ ಕನ್ನಡಕ ಒರೆಸಿಕೊಂಡು, ಜಲಸ್ನಾನ, ದಿನಕ್ಕೆ ನಾಲ್ಕು ಬಾರಿ, ಸೋಸು ತೊಟ್ಟಿಗಳ ಹಿಂದಿನ ಕೊಠಡಿಯಲ್ಲಿ ಎಂದು ತುಂಬಿದಳು. ಜೀವಮಾನದಲ್ಲಿ ಒಂದು ಅಂಕಣವನ್ನೂ ಖಾಲಿ ಬಿಟ್ಟವಳಲ್ಲ. ಬರೆಯುವಾಗ ಅದು ಕ್ಲೋರಿನ್ ಎನ್ನುವುದು ಅವಳ ತಲೆಗೇ ಹೊಳೆಯಲಿಲ್ಲ. ಅಷ್ಟು ವರ್ಷ ಬಾಯಲ್ಲಿ ಹೇಳಿ, ಕೈಯಲ್ಲಿ ಬರೆದು, ಅವಳ ಮನಸ್ಸಿನೊಳಗೂ ಅದರ ಹೆಸರು ಜಲಸ್ನಾನವೇ ಆಗಿಹೋಗಿತ್ತು.

ಸೀಲು ಬಿದ್ದ ಕೊಠಡಿಯೊಳಗೆ ಮೂವತ್ತೊಂದು ಮೂಟೆ ಪೌಡರು, ಅದನ್ನು ಕದಡುವ ಸಿಮೆಂಟಿನ ತೊಟ್ಟಿ, ತೊಟ್ಟಿಗೊಂದು ನಲ್ಲಿ. ನಲ್ಲಿಯಿಂದ ಸಣ್ಣ ಧಾರೆಯಾಗಿ ಬೀಳುವ ದ್ರಾವಣ ಸೋಸಿದ ನೀರಿಗೆ ಸೇರಬೇಕು. ಗುಮಾಸ್ತ ಮೊದಲು ಮಾಡಿದ ಕೆಲಸವೇ ನಲ್ಲಿ ತಿರುಗಿಸಿ ನಿಲ್ಲಿಸಿದ್ದು. ಈಗ ಕಾಲುವೆಯಲ್ಲಿ ಬರೀ ನೀರು ಹರಿಯುತ್ತಿತ್ತು. ಶೇಖರಣೆ ತೊಟ್ಟಿಯಲ್ಲಿ ಔಷಧಿ ಬಿದ್ದ ಹಳೇ ನೀರು ಇಪ್ಪತ್ತನಾಲ್ಕು ಗಂಟೆಗೆ ಸಾಲುವಷ್ಟು ಇತ್ತು. ನಾಳೆ ಈ ಹೊತ್ತಿನಿಂದ ಊರಿನ ಕೊಳವೆಗಳಿಗೆ ಹೋಗುವುದು ನದಿಯದೇ ನೀರು. ನದಿಯ ಮೇಲ್ದಂಡೆಯಲ್ಲಿ ಸೈನ್ಯದ ಎರಡು ಬಿಡಾರಗಳಿದ್ದವು. ಕುದಿಸಿ ಕುಡಿಯೋಣವೆಂದರೆ ಊರಿಗೆ ಹದಿನೈದು ದಿನದಿಂದ ಸೀಮೆಎಣ್ಣೆಯೂ ಇಲ್ಲ, ಸೌದೆಯೂ ಇಲ್ಲ. ಅವಳ ಮನೆಯಲ್ಲಿ ಮಗಳಿದ್ದಳು, ಮಗಳ ಮಡಿಲಲ್ಲಿ ಐದು ತಿಂಗಳ ಕೂಸಿತ್ತು. ಮಗಳಿಗೆ ಹಾಲು ಸಾಲದು. ಪುಡಿಹಾಲು ಕಲಸಬೇಕಾದರೆ ನೀರು ಬೇಕು.

"ಸೀಲು ಒಡೆದುಬಿಡ್ಲಾ?" ಪಂಪಣ್ಣ ಕಿವಿಯ ಹತ್ತಿರ ಬಂದು ಕೇಳಿದ. ಪಂಪ್ ನಡೆಸುವವನು, ಐವತ್ತೆಂಟು ವರ್ಷ, ಅವಳಿಗಿಂತ ಆರು ವರ್ಷ ದೊಡ್ಡವನು. "ಆ ಸಿಪಾಯಿಗೆ ಈಗಲೇ ಕಣ್ಣು ಎಳೀತಿದೆ."

"ಒಡೆದ ಮೇಲೆ?"

"ಒಡೆದ ಮೇಲೆ ನನ್ನ ಒಳಗೆ ಹಾಕ್ತಾರೆ."

"ನಾಳೆ ನಲ್ಲಿ ತಿರುಗಿಸೋರು ಯಾರಣ್ಣ ಹಾಗಾದ್ರೆ? ನಾನಾ? ನಂಗೆ ನಿಮ್ಮಷ್ಟು ಸರಿಯಾಗಿ ನುಡಿ ಹೇಳೋಕೆ ಬರಲ್ಲ."

ಪಂಪಣ್ಣ ನಗಲಿಲ್ಲ. ಅದು ತಮಾಷೆಯ ಮಾತಾಗಿರಲಿಲ್ಲ.

*

ಅಪ್ಪಟರು ಆಕಾಶದಿಂದ ಇಳಿದು ಬಂದವರಲ್ಲ. ಅವರ ಹಿರಿಯನೆಂದು ಆಮೇಲೆ ಎಲ್ಲರೂ ಕೈಮುಗಿದ ಮನುಷ್ಯ ಮೊದಲು ಹಾಲಿನ ಡೈರಿಯಲ್ಲಿ ಪರೀಕ್ಷಕನಾಗಿದ್ದ. ಹಾಲಿಗೆ ನೀರು, ನೀರಿಗೆ ಹಿಟ್ಟು, ಹಿಟ್ಟಿಗೆ ಸುಣ್ಣ ಬೆರೆಸುತ್ತಿದ್ದ ಕಾಲ. ಮಕ್ಕಳ ಕೆಮ್ಮಿನ ಔಷಧಿಯಲ್ಲಿ ಬರೀ ಸಕ್ಕರೆ ಪಾಕ ಸಿಕ್ಕಿತ್ತು. ಅವನು ಹನ್ನೊಂದು ವರ್ಷ ವರದಿ ಬರೆದ. ಬರೆದದ್ದನ್ನೆಲ್ಲ ಮೇಲಿನವರು ಕಸದ ಬುಟ್ಟಿಗೆ ಹಾಕಿದರು. ಹನ್ನೆರಡನೇ ವರ್ಷ, ಒಂದು ಬೆಳಿಗ್ಗೆ, ಹಾಲಿನ ಕ್ಯಾನಿನೊಳಗೆ ಬಗ್ಗಿ ನೋಡುತ್ತಿದ್ದಾಗ 'ಬೆರೆಸಬೇಡ' ಎಂದು ದೇವರು ಹೇಳಿದ್ದು ತನಗೆ ಕೇಳಿಸಿತು ಎಂದ. ಬೇಸತ್ತ ಜನ ಅವನ ಹಿಂದೆ ಹೋದರು. ಹನಿಯಮ್ಮನೂ ಎರಡು ಸಲ ಅವನ ಭಾಷಣ ಕೇಳಿದ್ದಳು. ಆ ದಿನಗಳಲ್ಲಿ ಅವನ ಮಾತಿನಲ್ಲಿ ಅವಳಿಗೆ ತಪ್ಪು ಕಂಡಿರಲಿಲ್ಲ. ಅವನೂ ಅವಳ ಹಾಗೆಯೇ ಗಾಜಿನ ಕೊಳವೆ ಹಿಡಿದು ನಿಜ ಹುಡುಕಿದವನು.

ಆಗಸ್ಟಿನಲ್ಲಿ ಅವರು ಊರು ಹಿಡಿದರು. ಕಲಬೆರಕೆ ವ್ಯಾಪಾರಿಗಳು ಓಡಿಹೋದರು. ಒಂದು ತಿಂಗಳು ಹಾಲು ಹಾಲಿನಂತೆಯೇ ಇತ್ತು. ಆಮೇಲೆ ಬೆರಕೆ ಎನ್ನುವ ಮಾತಿಗೆ ಕೈಕಾಲು ಬೆಳೆಯಿತು. ಎರಡು ನೂಲು ಬೆರೆತ ಬಟ್ಟೆ ಬೆರಕೆ. ಬಟ್ಟೆ ಹೊಲಿಯುವವನು ಗುಂಡಿ ಮಾರಿದರೆ ಬೆರಕೆ. ಗಡಿಯಾರವೂ ಬೆರಕೆ, ಅದು ದೇವರ ಕಾಲಕ್ಕೆ ಮನುಷ್ಯನ ಲೆಕ್ಕ ಸೇರಿಸುತ್ತದೆ. ಸೆಪ್ಟೆಂಬರ್ ಮೂರಕ್ಕೆ ಪಂಪ್‌ಹೌಸಿಗೂ ಆಜ್ಞೆ ಬಂತು: ಮೋಡದಿಂದ ಬಂದ ನೀರಿಗೆ ಯಾರೂ ಏನನ್ನೂ ಬೆರೆಸಕೂಡದು.

ಹನ್ನೊಂದನೇ ದಿನ ವಾಂತಿಭೇದಿ ಶುರುವಾಯಿತು. ಹದಿನಾರನೇ ದಿನ ಹನಿಯಮ್ಮನ ಅತ್ತೆ ಹೋದರು. ಎಪ್ಪತ್ನಾಲ್ಕು ವರ್ಷದ ಗಟ್ಟಿ ಹೆಂಗಸು. "ನಿನ್ನ ನೀರಿಗೆ ಯಾಕೆ ಈಚೆಗೆ ಆ ವಾಸನೆ ಇಲ್ಲ ಕಣೇ?" ಎಂದು ಮಾತು ನಿಲ್ಲುವ ಹಿಂದಿನ ದಿನ ಕೇಳಿದ್ದರು. ಊರಿನಲ್ಲಿ ಒಟ್ಟು ಇನ್ನೂರ ಹನ್ನೆರಡು ಜನ ಸತ್ತರು. ಅಪ್ಪಟರ ಪಾಳೆಯದಲ್ಲೂ ಹದಿನೆಂಟು ಮಂದಿ.

ಆಗ ಶುದ್ಧಿಪಾಲಕ ಪ್ರಯೋಗಾಲಯಕ್ಕೆ ಬಂದ. ಪಂಪ್‌ಹೌಸಿನ ಮೇಲ್ವಿಚಾರಣೆಗೆ ಅಪ್ಪಟರು ನೇಮಿಸಿದ್ದವನು. ಸಣಕಲ ದೇಹ, ವರ್ಷವಿಡೀ ನೆಗಡಿ. ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದನಂತೆ. ಬಾಗಿಲು ಹಾಕಿ, ಕುರ್ಚಿಯ ತುದಿಯಲ್ಲಿ ಕೂತ.

"ಮೇಡಂ, ಆ ಪುಡಿ ಹಾಕಿದ್ರೆ ನಿಲ್ಲುತ್ತಾ ಇದು?"

"ನಿಲ್ಲುತ್ತೆ."

"ಬೆರೆಸೋದು ಅಂತ ನಾನು ಮೇಲೆ ಹೇಳೋಕಾಗಲ್ಲ. ಹೇಳಿದ್ರೆ ಸಂಜೆಗೆ ನನ್ನ ತಲೆ ಇರಲ್ಲ. ಬೇರೆ ಏನಾದ್ರೂ ಹೇಳಿಕೊಡಿ."

ಅವಳು ಯೋಚಿಸಿದಳು. ಅತ್ತೆಯ ಹಾಸಿಗೆ ಇನ್ನೂ ಮಡಚಿರಲಿಲ್ಲ. "ನೀವು ದಿನಾ ಸ್ನಾನ ಮಾಡ್ತೀರಲ್ಲ, ಸೋಪು ಹಚ್ಚಿಕೊಂಡು?"

"ಮಾಡ್ತೀನಿ."

"ಸೋಪು ನಿಮ್ಮೊಳಗೆ ಬೆರೀತಾ? ಕೊಳೆ ತಗೊಂಡು ಹೋಯ್ತು ಅಷ್ಟೆ. ನೀರಿಗೂ ಸ್ನಾನ ಮಾಡಿಸ್ತಿದ್ದೀವಿ ಅನ್ನಿ."

ಶುದ್ಧಿಪಾಲಕ ಮೂಗು ಒರೆಸಿಕೊಂಡ. "ನುಡಿ ಬೇಕಾಗುತ್ತೆ," ಅಂದ. "ನುಡಿ ಇಲ್ಲದೆ ವಿಧಿ ಅಂತ ಒಪ್ಪಲ್ಲ."

"ಬರೀರಿ. ಆದ್ರೆ ನಾನು ಹೇಳಿದಷ್ಟೇ ಉದ್ದ ಇರಬೇಕು."

ಅವಳಿಗೆ ಬೇಕಾಗಿದ್ದದ್ದು ಅದೇ. ತೊಟ್ಟಿಯ ನಲ್ಲಿಯಿಂದ ಬೀಳುವ ಧಾರೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲೀಟರಿನ ಚೊಂಬನ್ನು ಅದರಡಿ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡುತ್ತಿದ್ದಳು. ಅರವತ್ನಾಲ್ಕು ಸೆಕೆಂಡು ಬಂದರೆ ಸರಿ. ಈಗ ಗಡಿಯಾರವೆಲ್ಲ ಗೋಣಿಚೀಲದಲ್ಲಿತ್ತು. ಶುದ್ಧಿಪಾಲಕ ನುಡಿ ಬರೆದು ತಂದ. ಇಬ್ಬರೂ ಕೂತು ನಾಡಿ ಹಿಡಿದು ಎಣಿಸಿದರು. ಎರಡು ಕಡೆ ಕತ್ತರಿಸಿದರು, ಒಂದು ಕಡೆ ಕೂಡಿಸಿದರು.

ಮುಗಿಲಿಂದ ಬಂದ ನೀರೇ, ನೆಲದಲ್ಲಿ ನಿಂದ ನೀರೇ, ಮಿಂದು ಮನೆಗೆ ಹೋಗು, ಎಂದು ಅದು ಶುರುವಾಗುತ್ತಿತ್ತು. ಒಂದು ನುಡಿಗೆ ಇಪ್ಪತ್ತೊಂದು ಸೆಕೆಂಡು. ಮೂರು ನುಡಿಗೆ ಒಂದು ಲೀಟರ್. ಮಳೆಗಾಲದ ಕೆಸರು ನೀರಿಗೆ ಔಷಧಿ ಜಾಸ್ತಿ ಬೇಕು, ಆಗ ಚೊಂಬು ಎರಡೇ ನುಡಿಗೆ ತುಂಬುವಂತೆ ನಲ್ಲಿ ಬಿಡುವುದು. ತಿಳಿನೀರಿನ ತಿಂಗಳಲ್ಲಿ ನಾಲ್ಕು ನುಡಿ.

ಹೇಳುವ ಕೆಲಸ ಪಂಪಣ್ಣನದಾಯಿತು. ಅವನ ದನಿ ಮೋಟಾರಿನಂತೆ ಒಂದೇ ಸಮ. ಎರಡು ವಾರ ಅವಳು ಅವನನ್ನು ಕೂರಿಸಿಕೊಂಡು ಹೇಳಿಸಿದಳು, ಉಸಿರು ಎಲ್ಲಿ ಎಳೆಯಬೇಕೆಂದೂ ಗುರುತು ಹಾಕಿಕೊಟ್ಟಳು. ಅವನಿಗೆ ನೆಗಡಿಯಾದರೆ ನುಡಿ ಎಳೆಯುತ್ತಿತ್ತು, ಚೊಂಬು ನಿಧಾನವಾಗುತ್ತಿತ್ತು, ಊರಿಗೆ ಔಷಧಿ ಕಡಿಮೆಯಾಗುತ್ತಿತ್ತು. "ಆ ಸ್ವಾಮಿಯನ್ನ ನನ್ನ ಹತ್ರ ಸೀನಬೇಡ ಅನ್ನಿ," ಎಂದು ಪಂಪಣ್ಣ ಶುದ್ಧಿಪಾಲಕನ ಬೆನ್ನ ಹಿಂದೆ ಗೊಣಗುತ್ತಿದ್ದ. "ಅವರ ನೆಗಡಿಗೆ ಊರು ಹೇತು ಸಾಯಬೇಕಾ?"

ನೀರಿನಲ್ಲಿ ಔಷಧಿ ಉಳಿದಿದೆಯೇ ಎಂದು ನೋಡಲು ಅವಳು ಹನಿ ಬಿಟ್ಟಾಗ ಬರುವ ಹಳದಿ ಬಣ್ಣಕ್ಕೆ ಸಾಕ್ಷಿ ಎಂದು ಹೆಸರಾಯಿತು. ಪೌಡರಿಗೆ ತೊಂದರೆಯಾಗಲಿಲ್ಲ. ಅಪ್ಪಟರಿಗೆ ಬಿಳಿ ಬಟ್ಟೆಯ ಹುಚ್ಚು. ಅದನ್ನು ಬೆಳ್ಳಗೆ ಇಡಲು ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರು ತರಿಸುತ್ತಿದ್ದರು. ಶುದ್ಧಿಪಾಲಕ ಮಡಿವಾಳರ ಉಗ್ರಾಣದಿಂದ ತನ್ನ ಪಾಲು ಎತ್ತಿಸುತ್ತಿದ್ದ. ಹೀಗೆ ವರ್ಷಗಳು ಸಂದವು. ದಾಖಲೆ ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಸಾಲು: ಮೂರು ನುಡಿ, ಸಾಕ್ಷಿ ಬಂತು. ಮೂರು ನುಡಿ, ಸಾಕ್ಷಿ ಬಂತು.

ಆ ರಾಜ್ಯ ಬಿದ್ದದ್ದು ಯುದ್ಧದಲ್ಲಿ ಎನ್ನುತ್ತಾರೆ. ಹನಿಯಮ್ಮನ ಕಣ್ಣಿಗೆ ಅದು ಅದಕ್ಕಿಂತ ಒಂದು ವರ್ಷ ಮೊದಲೇ ಒಳಗೆ ಟೊಳ್ಳಾಗಿತ್ತು. ಅಪ್ಪಟರಲ್ಲೇ ಯಾರು ಹೆಚ್ಚು ಅಪ್ಪಟ ಎಂಬ ತಕರಾರು ಹುಟ್ಟಿತು. ಹಿರಿಯನ ತಾಯಿಯ ಕಡೆಯವರು ಹೊರಗಿನವರು, ಅವನೇ ಬೆರಕೆ ಎಂದು ಒಂದು ಬಣ ಸಾರಿತು. ಅವರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಗುಂಡಿಟ್ಟವರಿಗೆ ಮತ್ತೊಂದು ಬಣ ಗುಂಡಿಟ್ಟಿತು. ಮಾರ್ಚ್ ಮೂರರ ಬೆಳಿಗ್ಗೆ ಚೌಕದಲ್ಲಿ ಬಿಳಿ ಬಾವುಟ ಇರಲಿಲ್ಲ. ಲಾರಿಗಳಲ್ಲಿ ಸೈನಿಕರು ಬಂದರು. ಯಾರೂ ಹೂವೂ ಎಸೆಯಲಿಲ್ಲ, ಕಲ್ಲೂ ಎಸೆಯಲಿಲ್ಲ. ಎಲ್ಲರೂ ನೀರಿನ ಸರದಿಯಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದರು. ಶುದ್ಧಿಪಾಲಕನನ್ನು ಅವನು ಪಾಠ ಹೇಳಿದ್ದ ಶಾಲೆಯಲ್ಲೇ ಕೂಡಿಹಾಕಿದರು.

*

ಸೀಲು ಬಿದ್ದ ದಿನ ಸಂಜೆ ಅವಳು ಮನೆಗೆ ಹೋದಾಗ ಮಗಳು ಕೂಸಿನ ಬಟ್ಟೆ ಹಿಂಡುತ್ತಿದ್ದಳು.

"ಪಾತ್ರೆ ಎಷ್ಟಿವೆಯೋ ಅಷ್ಟಕ್ಕೂ ಈಗಲೇ ನೀರು ಹಿಡಿ," ಎಂದಳು ಹನಿಯಮ್ಮ. "ನಾಳೆ ಮಧ್ಯಾಹ್ನದಿಂದ ನಲ್ಲಿ ಮುಟ್ಟಬೇಡ. ನಾನು ಹೇಳೋವರೆಗೂ."

"ಯಾಕಮ್ಮಾ? ಮತ್ತೆ ಏನಾಯ್ತು?"

"ನಾನೇ ಬರೆದುಕೊಟ್ಟೆ ಕಣೆ." ಅವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತಳು. "ಅಂಕಣ ಖಾಲಿ ಬಿಡಬಹುದಿತ್ತು. ಊರೆಲ್ಲ ಬಿಟ್ಟಿದೆ."

ಮಗಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. "ನಿನ್ನ ಈ ನೀಟು ಒಂದಿನ ನಮ್ಮನ್ನ ತಿನ್ನುತ್ತೆ ಅಂತ ಅಪ್ಪ ಹೇಳ್ತಿರಲಿಲ್ವಾ," ಎಂದಷ್ಟೇ ಅಂದು, ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದಳು. ಆಮೇಲೆ ಕೊಡ, ಬಕೆಟ್ಟು, ಕುಕ್ಕರು, ಹೂದಾನಿ ಕೂಡ ನಲ್ಲಿಯ ಕೆಳಗೆ ಸಾಲಾಗಿ ಬಂದವು.

ಹಿಡಿದಿಟ್ಟ ನೀರು ಎರಡು ದಿನಕ್ಕೆ ಆಗುತ್ತಿತ್ತು. ಊರಿನ ಉಳಿದ ಮನೆಗಳಲ್ಲಿ ಹೀಗೆ ಹಿಡಿದಿಡಲು ಯಾರಿಗೂ ಯಾರೂ ಹೇಳಿರಲಿಲ್ಲ. ಹೇಳಲು ಹೊರಟರೆ ಹುಯಿಲೆಬ್ಬಿಸಿದಳೆಂದು ಅವಳನ್ನೂ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಬೆಂಚಿಗೆ ಬರವಿಲ್ಲ.

*

ಪುನರ್ವ್ಯವಸ್ಥೆಯ ಅಧಿಕಾರಿ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ಎಂಟಕ್ಕೇ ಹನಿಯಮ್ಮ ಪಂಪಣ್ಣನನ್ನು ಕರೆದುಕೊಂಡು ಅಲ್ಲಿ ಸಾಲಿನಲ್ಲಿ ನಿಂತಳು. ಕೈಚೀಲದಲ್ಲಿ ಐದು ದಾಖಲೆ ಪುಸ್ತಕ, ಲೀಟರಿನ ಚೊಂಬು. ಹೊರಡುವ ಮುಂಚೆ ಶೇಖರಣೆ ತೊಟ್ಟಿಯ ನೀರು ನೋಡಿ ಬಂದಿದ್ದಳು: ಲೀಟರಿಗೆ 0.1 ಮಿಲಿಗ್ರಾಂ ಔಷಧಿ ಉಳಿದಿತ್ತು. ಹಿಂದಿನ ದಿನ 0.5 ಇತ್ತು. ಒಳಗೆ ಕರೆಯುವ ಹೊತ್ತಿಗೆ ಹನ್ನೊಂದೂಕಾಲು. ಈಗ ಅದೂ ಇರುವುದಿಲ್ಲ ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು.

ಅಧಿಕಾರಿಯ ಕಣ್ಣ ಕೆಳಗೆ ಕಪ್ಪಾಗಿತ್ತು. ಹೊಟ್ಟೆ ಉರಿಗೆ ಏನೋ ಮಾತ್ರೆ ಚೀಪುತ್ತಿದ್ದ. ಹತ್ತು ದಿನದಲ್ಲಿ ನೂರ ಹನ್ನೆರಡು ವಿಧಿಗಳನ್ನು ಅಳಿಸಿ ವರದಿ ಕಳಿಸಬೇಕೆಂದು ಅವನಿಗೆ ಆದೇಶವಿತ್ತು. ಮೂಲೆಯ ಮೇಜಿನಲ್ಲಿ ನಿನ್ನೆ ಸೀಲು ಒತ್ತಿದ ಗುಮಾಸ್ತನೇ ಕೂತಿದ್ದ.

"ವಿಧಿ ಅಂತ ನೀವೇ ಬರೆದಿದ್ದೀರಿ. ಈಗ ವಿಧಿ ಅಲ್ಲ ಅಂತೀರಿ."

"ವಿಧಿ ಹೌದು ಸಾರ್. ಅದರೊಳಗೆ ಔಷಧಿ ಇದೆ."

"ಬೆಳಿಗ್ಗೆಯಿಂದ ಎಲ್ಲರದ್ದೂ ಇದೇ ಕಥೆ. ದೀಪದ ವಿಧಿ ಅಲ್ಲ, ಬರೀ ದೀಪ ಅಂತ ಒಬ್ಬ. ಮೌನದ ವಿಧಿ ಅಲ್ಲ, ನಾನು ಮೊದಲಿಂದಲೂ ಮಾತಾಡೋದು ಕಮ್ಮಿ ಅಂತ ಇನ್ನೊಬ್ಬ." ಅವನು ದಾಖಲೆ ಪುಸ್ತಕ ತೆರೆದು ಹಾಳೆ ತಿರುವಿದ. "ಮೂರು ನುಡಿ, ಸಾಕ್ಷಿ ಬಂತು. ಮೂರು ನುಡಿ, ಸಾಕ್ಷಿ ಬಂತು. ಇದರಲ್ಲಿ ಕ್ಲೋರಿನ್ ಅನ್ನೋ ಮಾತು ಎಲ್ಲಿದೆಯಮ್ಮಾ?"

"ಎಲ್ಲೂ ಇಲ್ಲ ಸಾರ್. ಬರೆದಿದ್ರೆ ಈ ಕೈ ಇರ್ತಿರಲಿಲ್ಲ."

"ಹಾಗಾದ್ರೆ ನಾನು ಯಾವುದನ್ನ ನಂಬಲಿ?"

"ನಂಬೋದು ಬೇಡ ಸಾರ್. ಅಳತೆ ಮಾಡಿ ನೋಡಿ."

ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ಮು, ಅದಕ್ಕೊಂದು ನಲ್ಲಿ. ಅವಳು ಚೊಂಬನ್ನು ಅದರಡಿ ಇಟ್ಟಳು. ಪಂಪಣ್ಣನಿಗೆ ಹೇಳಲು ಸನ್ನೆ ಮಾಡಿದಳು. ಪಂಪಣ್ಣ ಗೋಡೆಗೆ ಅಂಟಿಕೊಂಡ.

"ಇಲ್ಲಿ ಹೇಳೋ ಹಾಗಿಲ್ಲ," ಅಧಿಕಾರಿ ಎಂದ. "ನಿಷೇಧ ಅದು. ಹೇಳಿದವರಿಗೆ ಮೂರು ತಿಂಗಳು."

"ಹೇಳಿ ಅಂದವರಿಗೆ ಎಷ್ಟು ತಿಂಗಳು ಸಾರ್?" ಪಂಪಣ್ಣ ಹನಿಯಮ್ಮನ ಕಡೆ ಗಲ್ಲ ತೋರಿಸಿದ. "ಅದನ್ನೂ ಈಗಲೇ ತಿಳ್ಕೊಂಡ್ರೆ ಒಟ್ಟಿಗೆ ಹೋಗಬಹುದು."

ಅಧಿಕಾರಿ ಮಾತ್ರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಎದ್ದು ಹೋಗಿ ಕಿಟಕಿ ಮುಚ್ಚಿದ. ವಾಪಸು ಬಂದು ಕೂತು, ತನ್ನ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. "ಹೇಳಿ."

ಪಂಪಣ್ಣ ಗಂಟಲು ಸರಿಮಾಡಿಕೊಂಡ. ಬಗ್ಗಿ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದ, ಕಣ್ಣು ಮುಚ್ಚಿದ. ಮುಗಿಲಿಂದ ಬಂದ ನೀರೇ, ನೆಲದಲ್ಲಿ ನಿಂದ ನೀರೇ. ಮೊದಲ ಸಲ ಧಾರೆ ಹೆಚ್ಚಾಗಿ ಎರಡೂವರೆ ನುಡಿಗೇ ಚೊಂಬು ತುಂಬಿತು. ಬಗ್ಗಿಸಿ, ನಲ್ಲಿಯನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಮತ್ತೆ ಹೇಳಿದ. ಮೂರನೇ ನುಡಿ ಮುಗಿದಾಗ ನೀರು ಅಂಚಿಗೆ ಸರಿಯಾಗಿ ಬಂದು ನಿಂತಿತು.

"ಅರವತ್ಮೂರು ಸೆಕೆಂಡು," ಅಧಿಕಾರಿ ಓದಿದ.

"ಇನ್ನೊಮ್ಮೆ ಅಣ್ಣ."

ಅರವತ್ನಾಲ್ಕು. ಇನ್ನೊಮ್ಮೆ. ಅರವತ್ಮೂರು. ನಾಲ್ಕನೇ ಸಲ ಅಧಿಕಾರಿಯೇ ಹೇಳಿಸಿದ, ಅರ್ಧದಲ್ಲಿ ಕೆಮ್ಮಿ, ಮೇಜು ಬಡಿದು, ಪಂಪಣ್ಣನ ಲಯ ಕೆಡಿಸಲು ನೋಡಿದ. ಅರವತ್ಮೂರು. ತಲೆಯೆತ್ತಿದಾಗ ಮೂಲೆಯ ಗುಮಾಸ್ತನ ತುಟಿಗಳೂ ಸದ್ದಿಲ್ಲದೆ ಆಡುತ್ತಿದ್ದವು.

"ನೀನೂನಾ?"

ಗುಮಾಸ್ತ ಬಾಯಿ ಮುಚ್ಚಿಕೊಂಡ. "ನೀರಿನ ಸಾಲಿನಲ್ಲಿ ನಿಂತು ಹೇಳಿಸ್ತಿದ್ರು ಸಾರ್. ತಾನಾಗೇ ಬರುತ್ತೆ."

ಹನಿಯಮ್ಮ ಲೆಕ್ಕ ಬರೆದುಕೊಟ್ಟಳು. ಒಂದು ನುಡಿ ಇಪ್ಪತ್ತೊಂದು ಸೆಕೆಂಡಾದರೆ ಧಾರೆ ಇಷ್ಟು, ದ್ರಾವಣದ ಬಲ ಇಷ್ಟು, ಆಗ ಲೀಟರ್ ನೀರಿಗೆ ಬೀಳುವುದು ಒಂದೂವರೆ ಮಿಲಿಗ್ರಾಂ. ಸಾಕ್ಷಿ ಬಂತು ಎಂದರೆ ಕೊನೆಗೆ ಉಳಿದದ್ದು 0.2ಕ್ಕೆ ಕಡಿಮೆಯಿಲ್ಲ. ಐದು ಪುಸ್ತಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾಲುಗಳಿದ್ದವು. ಜುಲೈ, ಆಗಸ್ಟಿನಲ್ಲಿ ಎರಡು ನುಡಿ, ಜನವರಿಯಲ್ಲಿ ನಾಲ್ಕು. ಅಧಿಕಾರಿ ತಾನೇ ಅಲ್ಲೊಂದು ಇಲ್ಲೊಂದು ಹಾಳೆ ತೆರೆದು ತಾಳೆ ನೋಡಿದ. ದೇವರಿಗೆ ಮಳೆಗಾಲ, ಬೇಸಿಗೆ ಅಂತ ಪ್ರಾರ್ಥನೆ ಬದಲಾಗುವುದಿಲ್ಲ ಎಂದು ಅವನಿಗೂ ಹೊಳೆದಿರಬೇಕು. ಪುಸ್ತಕ ಮುಚ್ಚಿದ.

"ಸರಿ. ತಾಂತ್ರಿಕ ಕ್ರಮ ಅಂತ ಪಟ್ಟಿಯಿಂದ ತೆಗೀಬಹುದು. ಆದ್ರೆ ಅದಕ್ಕೊಂದು ನಿಯಮ ಇದೆ. ಈ ವಿಧಿ ಯಾರ ತಲೆಯಿಂದ ಬಂತು?"

"ಶುದ್ಧಿಪಾಲಕರದ್ದು ಸಾರ್," ಪಂಪಣ್ಣ ತಟ್ಟನೆ ಅಂದ. "ಪದ ಪದ ಅವರೇ ಬರೆದಿದ್ದು. ಶಾಲೆಯಲ್ಲಿದ್ದಾರೆ, ಬೇಕಾದ್ರೆ ಕೇಳಿ."

"ಅಪ್ಪಟರವನು ಹುಟ್ಟಿಸಿದ್ದಾದ್ರೆ ಅದು ಅವರ ವಿಧಿ, ತೆಗೆಯೋಕಾಗಲ್ಲ. ಇಲಾಖೆಯವರು ಕೆಲಸಕ್ಕೋಸ್ಕರ ಹುಟ್ಟಿಸಿದ್ದು ಅಂತಾದ್ರೆ ಮಾತ್ರ ಆಗುತ್ತೆ. ಹಾಗೆ ಹುಟ್ಟಿಸಿದವರು ಹೇಳಿಕೆ ಬರೆದು ಸಹಿ ಹಾಕಬೇಕು." ಅವನು ಹನಿಯಮ್ಮನ ಮುಖ ನೋಡದೆ ಮುಂದುವರಿಸಿದ. "ಸಹಿ ಹಾಕಿದವರು ಇನ್ನೊಂದು ಪಟ್ಟಿಗೆ ಹೋಗ್ತಾರೆ. ವಿಧಿಕಾರರ ಪಟ್ಟಿ. ಆ ಪಟ್ಟಿಯಲ್ಲಿರೋರು ಸರ್ಕಾರಿ ಕೆಲಸದಲ್ಲಿ ಇರೋ ಹಾಗಿಲ್ಲ. ನಾನು ಮಾಡಿದ ನಿಯಮ ಅಲ್ಲ ಇದು."

ಪಂಪಣ್ಣ ಅವಳ ಸೆರಗು ಹಿಡಿದು ಜಗ್ಗಿದ. "ಬನ್ನಿ ಹೋಗೋಣ. ಬೇರೆ ದಾರಿ ನೋಡೋಣ."

"ಬೇರೆ ದಾರಿಗೆ ಎಷ್ಟು ದಿನ ಬೇಕಣ್ಣ?"

ಪಂಪಣ್ಣ ಸೆರಗು ಬಿಟ್ಟ. ಅವಳಿಗೆ ಹನ್ನೊಂದನೇ ದಿನ ನೆನಪಿತ್ತು, ಹದಿನಾರನೇ ದಿನವೂ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಮೂರು ಸರ್ಕಾರ ನೋಡಿದ್ದಳು. ಮೂರೂ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಒಂದೇ ನಮೂನೆ ಕಳಿಸಿದ್ದವು. ಕಾಲು ನೋಯುತ್ತಿತ್ತು, ಕುರ್ಚಿಯ ಮೇಲೆ ಕೂತಳು.

"ಪೆನ್ನು ಕೊಡಿ ಸಾರ್. ಪದ ಅವರದ್ದು, ಉದ್ದ ನನ್ನದು. ಸ್ನಾನ ಅಂತ ಹೇಳಿಕೊಟ್ಟಿದ್ದೂ ನಾನೇ. ಅದು ನಿಜವೂ ಹೌದು."

ಹೇಳಿಕೆಯಲ್ಲಿ ಹನ್ನೆರಡು ಅಂಕಣವಿತ್ತು. ಹನ್ನೆರಡನ್ನೂ ತುಂಬಿದಳು. ಅಧಿಕಾರಿ ಎರಡು ಆದೇಶ ಬರೆದ. ಒಂದು, ಕೊಠಡಿಯ ಸೀಲು ತೆಗೆಯಬೇಕು. ನುಡಿಯನ್ನು ಬಾಯಿಬಿಟ್ಟು ಹೇಳಕೂಡದು. ಎರಡು, ಪ್ರಯೋಗಾಲಯದ ಮಹಿಳೆಯನ್ನು ಏಪ್ರಿಲ್ ಹದಿನಾಲ್ಕರಂದು ಸೇವೆಯಿಂದ ಬಿಡುಗಡೆ ಮಾಡಬೇಕು. "ಮೂವತ್ತು ದಿನ ನಾನು ಹಾಕಿದ್ದು," ಎಂದ ಮೆಲ್ಲಗೆ. "ಅಷ್ಟರಲ್ಲಿ ಯಾರಿಗಾದ್ರೂ ಹೇಳಿಕೊಡಿ."

"ಆಯ್ತು ಸಾರ್. ಆ ಡ್ರಮ್ಮಿನ ನೀರು ನಿನ್ನೆಯದಾ?"

"ಇವತ್ತಿನದು. ಈಗ ಅರ್ಧ ಗಂಟೆ ಮುಂಚೆ ಹಿಡಿದರು. ಯಾಕೆ?"

"ಕುಡೀಬೇಡಿ."

*

ಸೀಲು ಒಡೆದದ್ದು ಮಾರ್ಚ್ ಹದಿನೈದರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಹನ್ನೊಂದರಿಂದ ಅಲ್ಲಿಯವರೆಗೆ ಹನ್ನೆರಡು ಲಕ್ಷ ಲೀಟರಿನಷ್ಟು ಬರೀ ನೀರು ಕೊಳವೆ ಸೇರಿತ್ತು. ಅದನ್ನು ಮರಳಿ ಕರೆಯಲು ಬರುವುದಿಲ್ಲ. ಹಿಂದಿನಿಂದ ಬರುವ ನೀರಿಗೆ ಔಷಧಿ ದುಪ್ಪಟ್ಟು ಹಾಕಿ, ಅದು ಮುಂದಿನದನ್ನು ಹಿಡಿಯಲಿ ಎಂದು ಕಾಯಬಹುದು, ಅಷ್ಟೆ. ಈ ಸಲ ಅವಳು ಶೇಖರಣೆ ತೊಟ್ಟಿಯ ಒಳಕ್ಕೂ ನೇರವಾಗಿ ನಾಲ್ಕು ಮೂಟೆ ಕದಡಿ ಸುರಿಸಿದಳು.

ಅವಳು ಗಡಿಯಾರ ಬಿಚ್ಚಿ ಪಂಪಣ್ಣನ ಕೈಗೆ ಕೊಟ್ಟಳು. "ಇನ್ನು ಇದನ್ನ ನೋಡಿ ಮಾಡಿ. ಮೂವತ್ತೆರಡು ಸೆಕೆಂಡಿಗೆ ತುಂಬಬೇಕು."

ಅವನು ನಲ್ಲಿಗೆ ಕೈ ಹಾಕಿದ, ಮುಳ್ಳು ನೋಡಿದ, ಚೊಂಬು ನೋಡಿದ, ಮತ್ತೆ ಮುಳ್ಳು ನೋಡಿದ. ಚೊಂಬು ತುಂಬಿ ಹರಿಯಿತು. ಇನ್ನೊಮ್ಮೆ ಮಾಡಿದ. ಅರ್ಧಕ್ಕೇ ನಿಂತಿತು.

"ಆಗಲ್ಲಮ್ಮ ಇದು. ಕಣ್ಣು ಅಲ್ಲಿಗೆ ಹೋದ್ರೆ ಕೈ ತಪ್ಪುತ್ತೆ." ಗಡಿಯಾರ ವಾಪಸು ಕೊಟ್ಟ. ಸ್ಟೂಲಿನ ಮೇಲೆ ಇನ್ನೂ ಕೂತಿದ್ದ ಸಿಪಾಯಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ತುಟಿ ಬಿಗಿದುಕೊಂಡು ನಿಂತ. ಅವನ ಗಂಟಲಿನ ಗಂಟು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಒಂದೂವರೆ ನುಡಿ. ಅವಳು ಗಡಿಯಾರ ನೋಡಿದಳು, ಮೂವತ್ತೆರಡು ಸೆಕೆಂಡು.

"ಸರಿಯಾಯ್ತಾ?"

"ಆಯ್ತಣ್ಣ."

"ನೀವು ಹೋದ ಮೇಲೆ ಯಾರಿಗೆ ಕೇಳಲಿ, ಸರಿಯಾಯ್ತಾ ಅಂತ?"

ಅವಳು ಪೌಡರಿನ ಮೂಟೆಯ ಬಾಯಿ ಕಟ್ಟುತ್ತಿದ್ದಳು. ಗಂಟನ್ನು ಎರಡು ಸಲ ಬಿಗಿದಳು. "ಮೂವತ್ತು ದಿನ ಇದೆಯಲ್ಲ," ಎಂದಳು.

ಅವಳ ಮನೆ ಕೊಳವೆಯ ಕೊನೆಯ ತುದಿಯಲ್ಲಿತ್ತು. ಪಂಪ್‌ಹೌಸಿನಿಂದ ಹೊರಟ ನೀರು ಅಲ್ಲಿಗೆ ಬರಲು ಹದಿನಾರು ಗಂಟೆ ಬೇಕು. ಮಾರ್ಚ್ ಹದಿನಾರರ ಬೆಳಿಗ್ಗೆ ಏಳೂವರೆಗೆ, ಪ್ರಯೋಗಾಲಯದಿಂದ ತಂದಿದ್ದ ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ತೆರೆದಳು. ನಲ್ಲಿ ಬಿಟ್ಟು ಎರಡು ನಿಮಿಷ ಹರಿಯಲು ಬಿಟ್ಟಳು. ಕೊಳವೆ ತುಂಬಿ ಹನಿ ಎಣಿಸಿದಳು. ಬಣ್ಣ ಬರಲಿಲ್ಲ. ನೀರು ಚೆಲ್ಲಿದಳು.

ಎಂಟೂವರೆಗೂ ಬರಲಿಲ್ಲ. ಕೂಸು ಅಳುತ್ತಿತ್ತು. ಹಿಡಿದಿಟ್ಟ ನೀರಿನಲ್ಲಿ ಮಗಳು ಪುಡಿಹಾಲು ಕಲಸಿದಳು. ಹೂದಾನಿಯ ನೀರು ಮುಗಿದಿತ್ತು, ಕುಕ್ಕರಿನದು ಅರ್ಧ ಉಳಿದಿತ್ತು. ಒಂಬತ್ತೂವರೆಗೆ ಹನಿಯಮ್ಮ ಮತ್ತೆ ಕೊಳವೆ ತುಂಬಿದಳು. ಹನಿ ಬಿಟ್ಟು, ಬೆರಳಿನಿಂದ ಬಾಯಿ ಮುಚ್ಚಿ ಅಲುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು.

"ಸಾಕ್ಷಿ ಬಂತಾಮ್ಮಾ?" ಮಗಳು ಕೇಳಿದಳು.

ಹನಿಯಮ್ಮ ಪೆಟ್ಟಿಗೆಯ ಬಣ್ಣದ ಗಾಜುಗಳನ್ನು ಒಂದೊಂದಾಗಿ ಪಕ್ಕಕ್ಕೆ ಹಿಡಿದು ನೋಡಿದಳು. ಮೊದಲನೆಯದು ಇದಕ್ಕಿಂತ ತೆಳುವಾಗಿತ್ತು. ಎರಡನೆಯದು ಸರಿಹೋಯಿತು. ಕೈ ಒರೆಸಿಕೊಂಡು ಪುಸ್ತಕ ತೆರೆದು, ಗಡಿಯಾರಕ್ಕೆ ನಾಲ್ಕು ನಿಮಿಷ ಕೂಡಿಸಿ ಸಮಯ ಬರೆದಳು. ಅದರ ಮುಂದೆ ಬರೆದಳು: ಅಡುಗೆಮನೆ ನಲ್ಲಿ, ಉಳಿದ ಕ್ಲೋರಿನ್, ಲೀಟರಿಗೆ 0.2 ಮಿಲಿಗ್ರಾಂ.